ಅಪ್‌ಡೇಟ್: ‘ತಲೆ ಕಳೆದುಕೊಂಡ ಪ್ರಯಾಣ’ ಕೊನೆಗೂ ಬಿಡಿಸಿದ್ದಾಯಿತು

ಹೋದ ವಾರ ಇಲ್ಲಿ ಒಂದು ಪದಬಂಧದ ಸುಳಿವಿಗೆ ಉತ್ತರ ಕೇಳಿದ್ದೆ, ಬಿಡಿಸುವ ಬಗೆ ನೀವು ಹೇಳಿದ್ದಿರಿ: ‘ತಲೆ ಕಳೆದುಕೊಂಡ ಪ್ರಯಾಣ, ಕರಿ ಬಂಡೆಗಳ ಊರು (2)’. ಕೊನೆಯ 2 ಅಂದರೆ ಉತ್ತರಕ್ಕೆ ಎರಡು ಅಕ್ಷರ. ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದೆ.

ಉತ್ತರ ಯಾಣ! ಅದೂ ನಮ್ಮ ಪಕ್ಕದಲ್ಲೇ. ನಾಚಿಕೆ ಆಯಿತು.

‘ತಲೆ’ ಅಂದರೆ ಪದದ ಮೊದಲ ಅಕ್ಷರ. ನನ್ನ ತಪ್ಪು ಇಷ್ಟೇ. ಇಂಗ್ಲಿಷ್ ರೂಢಿಯಲ್ಲಿ ‘ಪ್’ ಒಂದನ್ನೇ ತೆಗೆದು ‘ರಯಾಣ’ ಮಾಡಿಕೊಂಡಿದ್ದೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. ಒತ್ತಕ್ಷರವೂ ಒಂದೇ ಲೆಕ್ಕ. ಹಾಗಾಗಿ ‘ಪ್ರ’ ಪೂರ್ತಿ ಹೋಗಬೇಕು. ನೀವು ಹೇಳಿದ ಇನ್ನೊಂದು ಮಾತೂ ಸರಿ: ನೇರ ಅರ್ಥ ಸುಳಿವಿನ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ, ಉಳಿದದ್ದೆಲ್ಲ ಪದಗಳ ಆಟ. ಇಲ್ಲಿ ‘ಕರಿ ಬಂಡೆಗಳ ಊರು’ ಅರ್ಥ. ಯಾಣದ ಬಂಡೆಗಳಾದ ಭೈರವೇಶ್ವರ ಶಿಖರ, ಮೋಹಿನಿ ಶಿಖರ ನೋಡಿದವರಿಗೆ ಹೇಳಬೇಕಾ?

ಉತ್ಸಾಹದಲ್ಲಿ ನಾನೂ ಒಂದು ಹೆಣೆದೆ: ‘ಹಸುವಿನ ಹಿಂದೆ ಕುಂತಿಯ ಮೊದಲ ಮಗ, ಆತ್ಮಲಿಂಗದ ಊರು (3)’. ಗೋ, ಆಮೇಲೆ ಕರ್ಣ. ಊರಿನ ಹೆಸರಲ್ಲಿ ಕರ್ಣ ಅಂದರೆ ಕಿವಿ. ಅದನ್ನು ಮರೆಸಿ ಮಹಾಭಾರತಕ್ಕೆ ಎಳೆದದ್ದೇ ಮೋಸ. ಆಯಿ ಮಾತ್ರ ದೋಸೆ ಮಗುಚುತ್ತಲೇ ‘ಗೋಕರ್ಣ’ ಅಂದುಬಿಟ್ಟಳು. ಸುಮ್ನೆ ಜಾಸ್ತಿ ಸುಲಭ ಆಯ್ತು, ಅಲ್ವಾ?