ಬಾವುಟವಿಲ್ಲದ ಐವತ್ತು ರೂಪಾಯಿ ನೋಟು ಅಸಲಿಯೇ?

ಪ್ರಶ್ನೆ:
ತಾಯಿಯವರ ಟ್ರಂಕಿನಲ್ಲಿ ಐವತ್ತು ರೂಪಾಯಿಯ ಎರಡು ಹಳೆಯ ನೋಟುಗಳು ಸಿಕ್ಕಿವೆ. ಎರಡರ ಮುಂಬದಿಯಲ್ಲೂ ಅಶೋಕ ಸ್ತಂಭದ ಸಿಂಹಗಳಿವೆ, ಹಿಂಬದಿಯಲ್ಲಿ ಸಂಸತ್ ಭವನವಿದೆ. ಆದರೆ ಒಂದರಲ್ಲಿ ಭವನದ ಮೇಲೆ ಬಾವುಟ ಹಾರುತ್ತಿದ್ದರೆ ಇನ್ನೊಂದರಲ್ಲಿ ಬರಿಯ ಕಂಬವಷ್ಟೇ ಇದೆ. ಎರಡನೆಯದು ಖೋಟಾ ಎಂದು ಮನೆಯವರ ವಾದ. ತಿಳಿದವರು ದಯವಿಟ್ಟು ವಿವರಿಸಬೇಕು. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿರುವ ಹೊಸ ಐವತ್ತರ ನೋಟು ಬಂದ ಮೇಲೆ ಇವು ಚಲಾವಣೆಯಿಂದ ಹೋದವೇ ಎಂಬುದೂ ನನ್ನ ಸಂದೇಹ.

ಉತ್ತರ 1:
ಬಾವುಟವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಖೋಟಾ ಎನ್ನಲಾಗದು. ಐದನೇ ಜಾರ್ಜ್ ದೊರೆಯ ಚಿತ್ರವಿದ್ದ 1923ರ ಸರಣಿಯಲ್ಲಿ ಐವತ್ತರ ನೋಟು ಇತ್ತಾದರೂ, 1938ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ಮೊದಲ ನೋಟುಗಳನ್ನು ಹೊರತಂದಾಗ ಐದು, ಹತ್ತು, ನೂರು, ಸಾವಿರ ಮತ್ತು ಹತ್ತು ಸಾವಿರದ ನಡುವೆ ಐವತ್ತಕ್ಕೆ ಜಾಗ ಸಿಗಲಿಲ್ಲ. ಅದು ಮರಳಿದ್ದು 1975ರಲ್ಲಿ. ಆ ವಿನ್ಯಾಸದ ಮೊದಲ ಮುದ್ರಣಗಳಲ್ಲಿ ಧ್ವಜಸ್ತಂಭ ಮಾತ್ರ ಇತ್ತು, ಧ್ವಜ ಸೇರಿದ್ದು ಆಮೇಲೆ. ಹಾಗಾಗಿ ನಿಮ್ಮ ಬರಿಗಂಬದ ನೋಟೇ ಹಿರಿಯದು. ಖಾತ್ರಿಗಾಗಿ ಅದನ್ನು ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ಮತ್ತು ಭದ್ರತಾ ದಾರವನ್ನು ನೋಡಿ. 2017ರ ಆಗಸ್ಟ್‌ನಲ್ಲಿ ಹೊಸ ನೋಟು ಪ್ರಕಟಿಸುವಾಗಲೇ ಹಿಂದಿನ ಸರಣಿಗಳ ಐವತ್ತರ ನೋಟುಗಳೂ ಕಾನೂನುಬದ್ಧವಾಗಿ ಮುಂದುವರಿಯುತ್ತವೆ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಉತ್ತರ 2:
ಚಿತ್ರದಲ್ಲಿ ಏನಿಲ್ಲ ಎಂದು ಹುಡುಕುವವರಿಗೆ ಹೊಸ ನೀಲಿ ನೋಟಿನಲ್ಲೂ ಕೆಲಸವಿದೆ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥ ವಾಸ್ತವದಲ್ಲಿ ಗರುಡನ ಗುಡಿ. ಏಕಶಿಲೆಯಂತೆ ಕಂಡರೂ ಹಲವು ಕಲ್ಲುಗಳನ್ನು ಬೆಸೆದು ಕಟ್ಟಿದ್ದು. ಅದರ ಮೇಲೆ ಇಟ್ಟಿಗೆಯ ಶಿಖರವಿತ್ತು ಎಂಬುದಕ್ಕೆ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರವೇ ಸಾಕ್ಷಿ. ರಥದ ಮುಂದಿನ ಆನೆಗಳೂ ಮೂಲದವಲ್ಲ. ಅಲ್ಲಿ ಕುದುರೆಗಳಿದ್ದವು, ಅವುಗಳ ಹಿಂಗಾಲು ಮತ್ತು ಬಾಲದ ಕುರುಹುಗಳನ್ನು ಆನೆಗಳ ಹಿಂದೆ ಇಂದಿಗೂ ಕಾಣಬಹುದು. ನೋಟಿನಲ್ಲಿ ಅಚ್ಚಾಗಿರುವುದು ಇಂದು ಉಳಿದಿರುವ ರಥವೇ ಹೊರತು ವಿಜಯನಗರದವರು ಕಂಡ ರಥವಲ್ಲ. ಶಿಖರವನ್ನು ಕಲ್ಪಿಸಿ ಬರೆಯದೆ ಇದ್ದದ್ದನ್ನೇ ಅಚ್ಚು ಹಾಕಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅದೇ ಬದಿಯ ಭಾಷಾಪಟ್ಟಿಯ ಹದಿನೈದು ಸಾಲುಗಳಲ್ಲಿ ಕನ್ನಡ ನಾಲ್ಕನೆಯದು. ಅದಕ್ಕೂ ರಥಕ್ಕೂ ಸಂಬಂಧವಿಲ್ಲ, ಇಂಗ್ಲಿಷ್ ಅಕಾರಾದಿಯಲ್ಲಿ ಅದರ ಸರದಿ ಅಷ್ಟೆ.

ಉತ್ತರ 3:
ಚಿತ್ರದ ಚರ್ಚೆಯಲ್ಲಿ ಒಂದು ನಷ್ಟ ಮರೆಯಾಗಿದೆ. ಗಾಂಧೀಜಿಯವರ ಚಿತ್ರವಿದ್ದ ಹಿಂದಿನ ಸರಣಿಯ ಐವತ್ತರ ನೋಟಿನಲ್ಲಿ, ದೃಷ್ಟಿಯಿಲ್ಲದವರು ಬೆರಳಿನಿಂದ ಗುರುತಿಸಲೆಂದು ಉಬ್ಬಿದ ಚೌಕವೊಂದಿತ್ತು. ಹೊಸ ಸರಣಿಯಲ್ಲಿ ಇಂತಹ ಉಬ್ಬು ಗುರುತು ನೂರು ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳಿಗಷ್ಟೇ ಇದೆ. ಇಪ್ಪತ್ತರ ನೋಟು 129 ಮಿಲಿಮೀಟರ್ ಉದ್ದ, ಐವತ್ತರದು 135, ನೂರರದು 142. ಅಂಗಡಿಯ ಗಡಿಬಿಡಿಯಲ್ಲಿ ಈ ಆರೇಳು ಮಿಲಿಮೀಟರ್ ಅಂತರವನ್ನು ಬೆರಳಿನಲ್ಲಿ ಅಳೆಯುವುದು ಸುಲಭವಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬಿಡುಗಡೆ ಮಾಡಿದ 'ಮಣಿ' ಆ್ಯಪ್ ಮೊಬೈಲ್ ಕ್ಯಾಮೆರಾದ ಮೂಲಕ ಮೌಲ್ಯವನ್ನು ಹೇಳುತ್ತದೆ, ನಿಜ. ಆದರೆ ಹಳೆಯ ಚೌಕಕ್ಕೆ ಮೊಬೈಲ್ ಬೇಕಾಗಿರಲಿಲ್ಲ.