ಬಾಣಂತಿಗೆ ಬರುವ ಕೆಟ್ಟ ಯೋಚನೆ: ಕತ್ತಿ ಬಚ್ಚಿಡಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು, ಹೆಸರು ಬೇಡ ಎಂದಿದ್ದಾರೆ):
ಮೇಡಂ, ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ದೇನೆ. ಪಾಪುಗೆ ಎರಡು ತಿಂಗಳು. ಕೊನೆಕೊಯ್ಲು ನಡೆಯುತ್ತಿದೆ, ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಮೊನ್ನೆ ಪಾಪುನ ಎತ್ತಿಕೊಂಡು ಆ ಕಡೆ ಹೋಗುವಾಗ ‘ಇದನ್ನು ಕತ್ತಿ ಮೇಲೆ ಹಾಕಿಬಿಟ್ಟರೆ?’ ಅಂತ ತಲೆಗೆ ಬಂತು. ಕೈಕಾಲು ತಣ್ಣಗಾಯಿತು. ಈಗ ಬಚ್ಚಲ ಹಂಡೆ ಕಂಡರೂ ಅದೇ. ಪಾಪು ಜೊತೆ ಒಬ್ಬಳೇ ಇರಲು ಭಯ. ತಡೆಯಲಾರದೆ ಅಮ್ಮನಿಗೆ ಹೇಳಿದೆ. ಅವರು ಅಂತ್ರ ಕಟ್ಟಿಸಿದರು, ಈಳಿಗೆಮಣೆ ಅಟ್ಟಕ್ಕೆ ಹಾಕಿದರು, ಗಂಡನ ಮನೆಯವರಿಗೆ ಹೇಳಬೇಡ ಎಂದರು. ನಾನು ಅಷ್ಟು ಕೆಟ್ಟವಳಾ?

ಉತ್ತರ (ಮನೋವೈದ್ಯೆ, ಶಿವಮೊಗ್ಗ):
ಅಲ್ಲ ಕಣಮ್ಮ. ಕೈಕಾಲು ತಣ್ಣಗಾಯಿತು ಎಂದಿರಿ ನೋಡಿ, ನನಗೆ ಮುಖ್ಯ ಅದೇ. ಮಾಡಬೇಕು ಅನ್ನಿಸಿದವರಿಗೆ ಹೀಗೆ ಜೀವ ಝಲ್ಲೆನ್ನುವುದಿಲ್ಲ. ಯಾವುದು ತುಂಬಾ ಬೇಕೋ ಅದರ ಮೇಲೇ ಇಂಥ ಯೋಚನೆ ಬಂದು ಕೂರುತ್ತದೆ. ತಾಯಿಗೆ ಮಗುವಿನ ಮೇಲೆ, ದೈವಭಕ್ತರಿಗೆ ದೇವರ ಮೇಲೆ.

ಇದು ನಿಮ್ಮೊಬ್ಬರಿಗೆ ಬಂದದ್ದೂ ಅಲ್ಲ. 1978ರಲ್ಲೇ ಲಂಡನ್ನಿನ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿದಾಗ ಬಹುತೇಕರು ಹೌದು, ನಮಗೂ ಹೀಗೆ ಬರುತ್ತದೆ ಎಂದರು. ಯಾವ ಯೋಚನೆ ರೋಗಿಯದು, ಯಾವುದು ಆರೋಗ್ಯವಂತರದು ಅಂತ ಬೇರೆ ಮಾಡುವುದು ಪರಿಣತರಿಗೂ ಕಷ್ಟವಾಯಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳ ಪೈಕಿ ಸುಮಾರು ಶೇಕಡಾ 94ರಷ್ಟು ಮಂದಿ, ಕಳೆದ ಮೂರು ತಿಂಗಳಲ್ಲಿ ಬೇಡದ ಯೋಚನೆ ಒಂದಾದರೂ ಬಂದಿತ್ತು ಎಂದರು. ಹೊಸ ತಾಯಂದಿರಲ್ಲಂತೂ, ಕೆನಡಾದಲ್ಲಿ ಕೇಳಿದಾಗ, ಸುಮಾರು ಅರ್ಧದಷ್ಟು ಜನ ಮಗುವಿಗೆ ತಾವೇ ಏನೋ ಮಾಡಿಬಿಡುವ ಯೋಚನೆ ಬಂದದ್ದನ್ನು ಒಪ್ಪಿಕೊಂಡರು. ನಮ್ಮಲ್ಲಿ ಯಾರೂ ಬಾಯಿಬಿಡುವುದಿಲ್ಲ, ಅಷ್ಟೇ.

ಇನ್ನು ಅಮ್ಮನ ವಿಷಯ. ಅವರ ಮೇಲೆ ಕೋಪ ಬೇಡ, ಪಾಪ, ಗಾಬರಿಯಾಗಿದ್ದಾರೆ. ಅಂತ್ರದಿಂದ ತೊಂದರೆ ಏನಿಲ್ಲ, ಇರಲಿ. ಆದರೆ ಈಳಿಗೆಮಣೆ ಅಟ್ಟಕ್ಕೆ ಹಾಕಿದ್ದು ಸರಿಯಾಗಲಿಲ್ಲ. ಕತ್ತಿ ಬಚ್ಚಿಟ್ಟಾಗ ನಿಮ್ಮ ಮನಸ್ಸಿಗೆ ಏನು ಗೊತ್ತಾಗುತ್ತದೆ ಹೇಳಿ? ‘ಓ, ಇವಳ ಕೈಲಿ ನಿಜವಾಗಿಯೂ ಅಪಾಯ ಇದೆ’ ಅಂತ. ಆಗ ಭಯ ಇನ್ನೂ ಜಾಸ್ತಿ. ಈವತ್ತು ಈಳಿಗೆಮಣೆ, ನಾಳೆ ಹಂಡೆ, ನಾಡಿದ್ದು ಪಾಪುನೇ ಬೇರೆ ಕೋಣೆಗೆ. ಯೋಚನೆಯನ್ನು ಬಲವಂತವಾಗಿ ತಳ್ಳಿದರೂ ಇದೇ ಕಥೆ. ಒಂದು ನಿಮಿಷ ಬಿಳಿ ಕರಡಿಯನ್ನು ನೆನೆಯದೆ ಕೂರಲು ಪ್ರಯತ್ನಿಸಿ, ನಿಮಗೇ ಗೊತ್ತಾಗುತ್ತದೆ. ಬಂತಾ, ಬರಲಿ. ಪಾಪು ಬಟ್ಟೆ ಮಡಿಸುತ್ತಿದ್ದರೆ ಮಡಿಸುತ್ತಾ ಇರಿ. ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ.

ಗಂಡನಿಗೆ ಹೇಳಿ. ಬೇಕಿದ್ದರೆ ಈ ಉತ್ತರವನ್ನೇ ತೋರಿಸಿ.

ಪ್ರಶ್ನೆ (ಸಾಗರದಿಂದ, ಹಿರಿಯರೊಬ್ಬರು):
ಡಾಕ್ಟ್ರೇ, ನನಗೆ ಪೂಜೆಗೆ ಕೂತರೆ ದೇವರ ಬಗ್ಗೆ ಹೊಲಸು ಮಾತು ಬರುತ್ತದೆ. ಪ್ರಾಯಶ್ಚಿತ್ತ ಅಂತ ಮಂತ್ರ ಮೊದಲಿನಿಂದ ಹೇಳುತ್ತೇನೆ. ಒಮ್ಮೊಮ್ಮೆ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಮನೆಯವರು ಭಕ್ತಿ ಜಾಸ್ತಿ ಎಂದುಕೊಂಡಿದ್ದಾರೆ.

ಉತ್ತರ:
ಸಾರ್, ನಿಮಗೆ ಚಿಕಿತ್ಸೆ ಬೇಕು ಅನ್ನಿಸುತ್ತದೆ. ಯೋಚನೆ ಕೆಟ್ಟದು ಅಂತಲ್ಲ, ಅದು ನಿಮ್ಮ ದಿನವನ್ನೇ ತಿನ್ನುತ್ತಿದೆ ಅಂತ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಇದರಲ್ಲೇ ಕಳೆಯುತ್ತಿದ್ದರೆ, ಕೆಲಸ ಕೆಡುತ್ತಿದ್ದರೆ, ಅದನ್ನು ಓಸಿಡಿ, ಅಂದರೆ ಗೀಳು ಕಾಯಿಲೆ ಎಂದು ನೋಡುತ್ತೇವೆ. ಮಾತ್ರೆ ಇದೆ, ಕೆಲಸ ತೋರಿಸಲು ಎಂಟರಿಂದ ಹನ್ನೆರಡು ವಾರ ಬೇಕು. ಅದರ ಜೊತೆ ಒಂದು ಅಭ್ಯಾಸ ಮಾಡಿಸುತ್ತೇವೆ. ಹೊಲಸು ಮಾತು ಬಂದರೂ ಮಂತ್ರ ಹಿಂದಕ್ಕೆ ಹೋಗಬಾರದು, ಮುಂದಿನ ಸಾಲಿಗೇ ಹೋಗಬೇಕು. ಮೊದಮೊದಲು ಜೀವ ಹೋದ ಹಾಗೆ ಆಗುತ್ತದೆ. ಆಮೇಲೆ ಭಯವೇ ಇಳಿಯುತ್ತದೆ. ಇದನ್ನು ಒಬ್ಬರೇ ಶುರು ಮಾಡುವ ಬದಲು ಗೊತ್ತಿರುವವರ ಜೊತೆ ಮಾಡಿ.

ಪ್ರಶ್ನೆ (ಭದ್ರಾವತಿ):
ಎಲ್ಲದಕ್ಕೂ ‘ಏನಾಗಲ್ಲ’ ಅಂದರೆ ಹೇಗೆ ಮೇಡಂ? ಪೇಪರ್‌ನಲ್ಲಿ ತಾಯಿಯೇ ಮಗುವನ್ನು ಕೊಂದ ಸುದ್ದಿ ಬರುತ್ತದಲ್ವಾ?

ಉತ್ತರ:
ಕೇಳಿದ್ದು ಒಳ್ಳೆಯದಾಯಿತು. ಹೆರಿಗೆ ನಂತರ ಬರುವ ಸೈಕೋಸಿಸ್ ಎಂಬ ಕಾಯಿಲೆ ಬೇರೆಯೇ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಬಾಣಂತಿಗೆ ನಿದ್ದೆಯೇ ಬೇಡವಾಗುತ್ತದೆ, ಯಾರೋ ಮಾತಾಡಿದ್ದು ಕೇಳಿಸುತ್ತದೆ, ಈ ಮಗು ನನ್ನದಲ್ಲ, ದೆವ್ವ ಅಂತ ಗಟ್ಟಿಯಾಗಿ ನಂಬುತ್ತಾಳೆ. ಅವಳಿಗೆ ಅದು ಕೆಟ್ಟ ಯೋಚನೆ ಅಂತ ಅನ್ನಿಸುವುದೇ ಇಲ್ಲ. ಹಾಗಿದ್ದರೆ ಮಗುವಿನ ಜೊತೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಸಾಯಬೇಕು ಅನ್ನುವ ಮಾತು ಬಂದರೂ ಅಷ್ಟೇ, ಕಾಯಬೇಡಿ. ಮೇಲಿನ ತಂಗಿ ಹೇಳಿದ್ದರಲ್ಲಿ ಇದ್ಯಾವುದೂ ಕಾಣುತ್ತಿಲ್ಲ. ಆದರೂ ಒಮ್ಮೆ ತೋರಿಸಲಿ, ಬರೀ ಬರಹ ಓದಿ ಪೂರ್ತಿ ತೀರ್ಮಾನ ನಾನೂ ಕೊಡಲಾರೆ.

ಪ್ರಶ್ನೆ (ತೀರ್ಥಹಳ್ಳಿಯವರೇ):
ಓದಿ ಅತ್ತುಬಿಟ್ಟೆ ಮೇಡಂ. ಶಿವಮೊಗ್ಗಕ್ಕೇ ಬರಬೇಕಾ? ಮಾತ್ರೆ ಕೊಟ್ಟರೆ ಪಾಪುಗೆ ಹಾಲು ಬಿಡಿಸಬೇಕಾ?

ಉತ್ತರ:
ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್, ಅಂದರೆ ಮಾನಸಿಕ ತೊಂದರೆ ನೋಡುವ ಕ್ಲಿನಿಕ್, ಯಾವ ದಿನ ಅಂತ ವಿಚಾರಿಸಿ. ಶಿವಮೊಗ್ಗಕ್ಕೇ ಬರುವುದಾದರೆ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದರೂ ಸಾಮಾನ್ಯವಾಗಿ ಹಾಲು ಬಿಡಿಸಬೇಕಾಗಿಲ್ಲ. ಸರ್ಟ್ರಾಲಿನ್ ಥರದ್ದನ್ನು ಹಾಲುಣಿಸುವ ತಾಯಂದಿರಿಗೂ ಕೊಡುತ್ತೇವೆ. ಚೀಟಿ ಬರೆಯುವ ಮೊದಲೇ ‘ಹಾಲು ಕುಡಿಸುತ್ತಿದ್ದೇನೆ’ ಎಂದು ಹೇಳಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರಿಗೂ ಕೇಳಬೇಕಾದ್ದು ಬೇಕಾದಷ್ಟು ಇರುತ್ತದೆ.