ಟ್ಯಾಟಿಂಗ್ ಲೇಸ್: ಹೆಣೆಯುವುದೋ, ಕಟ್ಟುವುದೋ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಬಿಡುವಾದಾಗ ನಾನು ಟ್ಯಾಟಿಂಗ್ ಮಾಡುತ್ತೇನೆ. ಬೆರಳುದ್ದದ ಪುಟ್ಟ ಲಾಳಿಗೆ ದಾರ ಸುತ್ತಿಕೊಂಡು, ಗಂಟಿನ ಪಕ್ಕ ಗಂಟು ಹಾಕುತ್ತಾ ಹೋಗುವ ಲೇಸ್. ನಮ್ಮತ್ತಿಗೆ ಕಲಿಸಿಕೊಡು ಅಂದರು, ಸರಿ, ಕನ್ನಡದಲ್ಲೇ ಬರೆದುಕೊಡೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಲೇಸನ್ನು ನಾವು ಏನು ಮಾಡುತ್ತೇವೆ?

ನೇಯುವುದಕ್ಕೆ ಹಾಸುಹೊಕ್ಕು ಬೇಕು, ಇಲ್ಲಿಲ್ಲ. ಹೊಲಿಯೋಣ ಅಂದರೆ ಬಟ್ಟೆಯೇ ಇಲ್ಲ. ಕ್ರೋಶಾಗೆ ಸುಮ್ನೆ 'ಹಾಕು' ಅಂತೀವಿ, ಸ್ವೆಟರ್‌ಗೂ ಹಾಕು, ಸೀರೆ ಕುಚ್ಚಿಗೂ ಹಾಕು, ರಂಗೋಲಿಗೂ ಹಾಕು. ಇಷ್ಟೆಲ್ಲಕ್ಕೂ ಒಗ್ಗುವ ಪದ ಕೈ ಏನು ಮಾಡುತ್ತಿದೆ ಅಂತ ಹೇಳುವುದೇ ಇಲ್ಲ. ಆಂಧ್ರದ ನರಸಾಪುರದ ಕಡೆ ಮನೆಮನೆಯಲ್ಲೂ ಕ್ರೋಶಾ ಲೇಸ್ ಮಾಡುತ್ತಾರೆ, ಅಲ್ಲಿ ಅದು 'ಲೇಸು ಅಲ್ಲಿಕ'. ನಮ್ಮ 'ಹೆಣಿಗೆ' ಅದಕ್ಕೆ ಹತ್ತಿರ. ದಿಂಬಿಗೆ ಪಿನ್ನು ಚುಚ್ಚಿ, ಹತ್ತಾರು ಬಾಬಿನ್‌ಗಳನ್ನು ಅತ್ತಿತ್ತ ದಾಟಿಸಿ ಮಾಡುವ ಲೇಸಿಗೂ 'ಹೆಣೆ' ಸರಿಯೇ, ಜಡೆ ಹೆಣೆದ ಹಾಗೇ ಅಲ್ವಾ?

ಟ್ಯಾಟಿಂಗ್‌ಗೆ ಮಾತ್ರ 'ಕಟ್ಟು' ಅನ್ನಬೇಕು ಅಂತ ನನ್ನ ವಾದ. ಹೂ ಕಟ್ಟುವವರ ಕೈ ನೋಡಿ: ದಾರವನ್ನು ಬೆರಳಿಗೆ ತಿರುವಿ ಕುಣಿಕೆ ಮಾಡಿ, ತೊಟ್ಟಿಗೆ ತೊಡಿಸಿ ಬಿಗಿಯುತ್ತಾರೆ. ಹೂವಿನ ಬದಲು ಇನ್ನೊಂದು ದಾರ ಇದ್ದರೆ ಹೆಚ್ಚೂಕಡಿಮೆ ನನ್ನ ಕೆಲಸ. ಅಂದಹಾಗೆ 'ಲೇಸ್' ಅನ್ನುವ ಪದದ ಮೂಲವೇ ಲ್ಯಾಟಿನ್ನಿನ 'ಲಾಕ್ವಿಯಸ್', ಅಂದರೆ ಕುಣಿಕೆ, ಉರುಲು. ಶೂ ಲೇಸ್ ಬಂದಿದ್ದೂ ಅಲ್ಲಿಂದಲೇ. ನಮ್ಮ 'ಲೇಸು' ಬೇರೆ, ಅದಕ್ಕೂ ಇದಕ್ಕೂ ನಂಟಿಲ್ಲ, ಆದರೂ ಮಾವನವರು ದಿನಾ "ಲೇಸು ಲೇಸಾಯಿತೇನಮ್ಮಾ" ಅಂತ ಕೇಳುವುದು ಬಿಟ್ಟಿಲ್ಲ.

ಉಳಿದ ಪದಗಳು ತಾವಾಗೇ ಬಂದವು. ಎರಡು ಅರ್ಧಗಂಟು ಸೇರಿದ್ದು ಜೋಡಿಗಂಟು. ಗಂಟುಗಳ ನಡುವೆ ಬಿಡುವ ಸಣ್ಣ ಕುಣಿಕೆಗೆ, ಫ್ರೆಂಚರ 'ಪಿಕೋ'ಗೆ, ಅತ್ತಿಗೆಯೇ 'ಕಿವಿ' ಅಂದರು. ಈಗ ನನ್ನ ಚೀಟಿಯಲ್ಲಿ "5 ಜೋಡಿಗಂಟು, ಕಿವಿ, 5 ಜೋಡಿಗಂಟು, ಕಿವಿ, 5, ಕಿವಿ, 5, ಉಂಗುರ ಎಳೆ" ಅಂತಿದೆ. ಓದಿದವರಿಗೆ ಅರ್ಥವಾಗುತ್ತದೆ.

ತೊಡಕಿರುವುದು ಇಲ್ಲಿ. ಎಡಗೈ ಬೆರಳಿಗೆ ಸುತ್ತಿಕೊಂಡ ದಾರದ ಮೇಲೆ ಗಂಟು ಹಾಕುವುದು ಲಾಳಿಯ ದಾರದಿಂದ. ಆದರೆ ಎಡಗೈ ಬೆರಳು ಸಡಿಲಿಸಿ ಲಾಳಿಯ ದಾರವನ್ನು ಜಗ್ಗಿದಾಗ, ಗಂಟು ಆ ದಾರ ಬಿಟ್ಟು ಎಡಗೈಯ ದಾರಕ್ಕೆ ಬಂದುಬಿಡುತ್ತದೆ, ಲಾಳಿಯ ದಾರ ನೆಟ್ಟಗೆ ಒಳಗೆ ಉಳಿಯುತ್ತದೆ. ಇಡೀ ವಿದ್ಯೆ ಇರುವುದೇ ಆ ಒಂದು ಜಗ್ಗಿನಲ್ಲಿ. ಹಾಗಾಗದಿದ್ದರೆ ಕೊನೆಗೆ ಲಾಡಿ ಎಳೆದ ಹಾಗೆ ಎಷ್ಟು ಎಳೆದರೂ ಗಂಟಿನ ಸಾಲು ಉಂಗುರವಾಗಿ ಮುಚ್ಚಿಕೊಳ್ಳಲ್ಲ, ಕತ್ತರಿಯೇ ಗತಿ. ಮೊದಲ ವಾರ ನಾನು ಕಟ್ಟಿದ್ದಕ್ಕಿಂತ ಕತ್ತರಿಸಿದ್ದೇ ಜಾಸ್ತಿ.

ಇಂಗ್ಲಿಷಿನವರು ಇದಕ್ಕೆ 'ಫ್ಲಿಪ್' ಅಂತಾರೆ. ನಾನು 'ಗಂಟು ಮಗುಚು' ಅಂತ ಬರೆದೆ, ದೋಸೆ ಮಗುಚಿದ ಹಾಗೆ. ಮಂಗಳೂರು ಕಡೆಯ ಅತ್ತಿಗೆಗೆ ಅದು 'ಕವುಚು'. ಆದರೆ ಎರಡರಲ್ಲೂ ಮೇಲಿನದು ಕೆಳಗಾಗುತ್ತದೆ ಅಷ್ಟೆ, ಒಂದು ದಾರದಿಂದ ಇನ್ನೊಂದಕ್ಕೆ ದಾಟಿದ್ದು ಬರಲ್ಲ. ಮೀನಿನ ಬಲೆ ಹೆಣೆಯುವವರು, ಹಗ್ಗ ಹೊಸೆಯುವವರು, ಮಗ್ಗದ ಮನೆಯವರು ಇಂಥದ್ದಕ್ಕೆ ಏನಾದರೂ ಅನ್ನುತ್ತಾರೆಯೇ? ಗೊತ್ತಿದ್ದರೆ ಊರಿನ ಹೆಸರೂ ಸೇರಿಸಿ ತಿಳಿಸಿ. 'ಮಗುಚು' ಅನ್ನುವುದನ್ನು ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.